ಹನ್ನೊಂದು ನಿಮಿಷದ ಸೊನ್ನೆ

ಹೊಗೆಗೂ ಒಂದು ಹೆಸರಿರಬೇಕು ಎಂದು ಮೊದಲು ಯಾರಿಗೆ ಹೊಳೆಯಿತೋ ಗೊತ್ತಿಲ್ಲ. ಹೊಳೆದ ಕೆಲವೇ ವರ್ಷಗಳಲ್ಲಿ ಹುಬ್ಬಳ್ಳಿಯ ಆ ಕಂಪನಿಯ ಪ್ರತಿ ಲಾರಿಯ ಸೈಲೆನ್ಸರ್ ಕೊಳವೆಯೊಳಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಉಪಕರಣ ಬಂದು ಕೂತಿತು. ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ಹಳೆಯ ಜಿಪಿಎಸ್ ಡಬ್ಬಿಗಳೂ ಹೇಳುತ್ತಿದ್ದವು. ಇದು ಹೊಗೆಯನ್ನೇ ಮೂಸುತ್ತಿತ್ತು. ಕೊಳವೆಯಿಂದ ಹೊರಬಿದ್ದ ಇಂಗಾಲ ಎಷ್ಟು ಗ್ರಾಂ, ಆ ಗಳಿಗೆಯಲ್ಲಿ ಸ್ಟಿಯರಿಂಗ್ ಹಿಡಿದವನು ಯಾರು, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಆಕಾಶಕ್ಕೆ ಎಸೆಯುತ್ತಿತ್ತು. ಕಂಪನಿ ಅದಕ್ಕೊಂದು ಉದ್ದನೆಯ ಹೆಸರಿಟ್ಟಿತ್ತು. ಡ್ರೈವರುಗಳು ‘ಮೂಗು’ ಎಂದರು, ಅದೇ ಉಳಿಯಿತು.

ಮೂಗು ಕಂಡದ್ದೆಲ್ಲ ಒಂದು ಪಟ್ಟಿಯಾಗುತ್ತಿತ್ತು. ಪ್ರತಿ ಕ್ಯಾಬಿನ್ನಿನಲ್ಲೂ ಅಂಗೈ ಅಗಲದ ಪರದೆ. ಅದರಲ್ಲಿ ಎಲ್ಲ ಡ್ರೈವರುಗಳ ಹೆಸರು, ಕಡಿಮೆ ಹೊಗೆಯವನದು ಮೇಲೆ, ಹೆಚ್ಚಿನವನದು ಕೆಳಗೆ. ಕೆಳಗಿನ ಹೆಸರುಗಳು ಕೆಂಪಾಗುತ್ತಿದ್ದವು. ಗಾಡಿಗಳು ಸರಕು ಒಯ್ಯುವ ಬಂದರಿನವರು ಬರುವ ಒಂದನೇ ತಾರೀಖಿನಿಂದ ಕೆಂಪು ಹೆಸರಿನ ಗಾಡಿಯನ್ನು ಗೇಟಿನ ಒಳಗೇ ಬಿಡುವುದಿಲ್ಲ ಎಂದಿದ್ದರು. ಗೇಟು ಕಾಣದ ಡ್ರೈವರನ ಕೈಯಲ್ಲಿ ಕಂಪನಿ ಗಾಡಿ ಬಿಡುವುದಿಲ್ಲ.

ಮುಕ್ತಾ ಗಾಣಿಗೇರ ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಎಂಟು ತಿಂಗಳ ಹಿಂದೆ ಆ ಕಂಪನಿಯ ಕಂಟ್ರೋಲ್ ರೂಮಿಗೆ ಸೇರಿದ್ದಳು. ಮಾತು ಕಡಿಮೆ. ಗೋಡೆಯಗಲದ ನಕ್ಷೆಯಲ್ಲಿ ಹರಿದಾಡುವ ಮುನ್ನೂರು ಚುಕ್ಕೆಗಳನ್ನು ನೋಡುತ್ತ ದಿನ ಕಳೆಯುವುದು ಅವಳಿಗೆ ಒಗ್ಗಿತ್ತು. ಆ ಚುಕ್ಕೆಗಳಲ್ಲಿ ಒಂದು ಅವಳ ಅಪ್ಪ ಫಕ್ಕೀರಪ್ಪನದು. ಪಟ್ಟಿಯಲ್ಲಿ ಮೂರು ತಿಂಗಳಿಂದ ಮೊದಲ ಹೆಸರೂ ಅವನದೇ.

ಡಿಸೆಂಬರಿನ ಒಂದು ಶನಿವಾರ ಮ್ಯಾನೇಜರ್ ಮೊಕಾಶಿ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

“ಗಾಣಿಗೇರ ಅವರ, ಅರಬೈಲ್ ಘಟ್ಟ ಇಳಿಯೋ ಗಾಡಿ ಎಷ್ಟವ ನಮ್ಮವು?”

“ನಲವತ್ಮೂರು ಸರ್.”

“ನಲವತ್ಮೂರೂ ಗಾಡಿ ಘಟ್ಟದಾಗ ಹನ್ನೊಂದು ನಿಮಿಷ ಸೊನ್ನೆ ತೋರಸ್ತಾವ. ಒಂದ್ ಗ್ರಾಂ ಇಲ್ಲ, ಅರ್ಧ ಗ್ರಾಂ ಇಲ್ಲ. ದಿನಾ ಹಂಗೇ ಅದ. ಎಂಜಿನ್ ಇರೋ ಗಾಡಿ ಸೊನ್ನೆ ಹೆಂಗ ಆಗ್ತದ್ರೀ?” ಅವರು ಕನ್ನಡಕ ತೆಗೆದು ಒರೆಸಿದರು. “ಮೂಗಿಗೆ ಹಸೀ ಗೋಣಿಚೀಲ ಕಟ್ಟತಾರ. ಘಟ್ಟದ ತಲಿಮ್ಯಾಲೆ ಕಟ್ಟೋದು, ಕೆಳಗ ಬಂದು ಬಿಚ್ಚೋದು. ನನಗ ಪುರಾವೆ ಬೇಕು.”

ಮುಕ್ತಾ ಮೇಜಿನ ಮೇಲಿದ್ದ ಗಾಡಿಗಳ ಪಟ್ಟಿಯನ್ನು ಕೈಗೆತ್ತಿಕೊಂಡಳು.

“ನಿಮ್ಮ ತಂದಿ ಹೆಸರೂ ಅದರಾಗ ಅದ ಅಂತ ಗೊತ್ತು. ಅದಕ್ಕೇ ನಿಮಗ ಕೊಡ್ಲಿಕ್ಕತ್ತೇನಿ. ಬ್ಯಾರೆಯವರಿಗೆ ಕೊಟ್ರ ನಿಮ್ಮ ಮನಿತನಕ ಸುದ್ದಿ ಹೋಗ್ತದ. ನಿಮಗ ಕೊಟ್ರ ಹೋಗೂದಿಲ್ಲ, ಹೌದಲ್ರೀ?”

ಅದು ನಂಬಿಕೆಯೋ, ಬಲೆಯೋ? ಕುರ್ಚಿಗೆ ಮರಳಿ ಕೂತಮೇಲೂ ಅವಳಿಗೆ ತಿಳಿಯಲಿಲ್ಲ. ಅಪ್ಪನ ಚುಕ್ಕೆ ಆಗ ಕಲಘಟಗಿ ದಾಟುತ್ತಿತ್ತು. ಎಷ್ಟೋ ದಿನಗಳಿಂದ ಅದನ್ನು ಅಪ್ಪ ಎಂದೇ ನೋಡಿದ್ದಳು. ಇವತ್ತು ಮೊದಲ ಸಲ ಅದು ಬರೀ ಗಾಡಿಯಾಗಿ, ಏನನ್ನೋ ಬಚ್ಚಿಟ್ಟುಕೊಂಡು ಹೋಗುತ್ತಿರುವಂತೆ ಕಂಡಿತು.

*

ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಹಿಂದೆಲ್ಲ ಫಕ್ಕೀರಪ್ಪ ಊಟಕ್ಕೆ ಕೂತರೆ ರಸ್ತೆಯನ್ನೇ ಮನೆಯೊಳಗೆ ತರುತ್ತಿದ್ದ. ಯಾವ ತಿರುವಿನಲ್ಲಿ ಯಾರ ಗಾಡಿ ಕೆಟ್ಟಿತು, ಯಾವ ಧಾಬಾದಲ್ಲಿ ಬದನೆಕಾಯಿ ಎಣಗಾಯಿ ಚೆನ್ನಾಗಿತ್ತು, ಗೆಳೆಯ ಹಜರತಸಾಬ ಪೊಲೀಸನನ್ನು ಏನು ಹೇಳಿ ನಗಿಸಿ ಪಾರಾದ. ಮಗಳು ಕಂಟ್ರೋಲ್ ರೂಮಿಗೆ ಸೇರಿದಾಗಿನಿಂದ ಆ ಮಾತು ಕಡಿಮೆಯಾಗುತ್ತ ಬಂದು, ಮೂಗು ಬಂದ ಮೇಲೆ ಪೂರ್ತಿ ನಿಂತಿತ್ತು. ಈಗ ರೊಟ್ಟಿ ಮುರಿಯುವ ಸದ್ದಷ್ಟೇ ಕೇಳುತ್ತಿತ್ತು.

“ಆ ಮೂಗು ಮಾತೂ ಕೇಳಸ್ಕೋತೈತೇನವಾ?” ಎಂದು ಅವನು ಇದ್ದಕ್ಕಿದ್ದಂತೆ ಕೇಳಿದ.

“ಇಲ್ಲಪ್ಪ. ಮೂಗು ಮೂಸತೈತಿ ಅಷ್ಟ.”

“ಮೂಗಿನ ಬಾಜೂಕ ಕಿವಿ ಇರೂದು ಎಲ್ಲಾ ಪ್ರಾಣಿಗೂ ರೂಢಿ,” ಎಂದ ಅವನು, ನಗದೆ.

ತಾಯಿ ಗಿರಿಜವ್ವ ಅವನ ತಾಟಿಗೆ ಝುಣಕ ಬಡಿಸುತ್ತ ಗೊಣಗಿದಳು: “ಅದನ್ನ ಬಿಡು, ಈ ಮನಶಾನ ತೋಳು ನೋಡು. ನಾಕ್ ತಿಂಗಳಾತು, ದಿನಾ ಎಣ್ಣಿ ಹಚ್ಚಿ ತಿಕ್ಕಬೇಕು. ಬೆಣ್ಣ್ಯಾಗಿಂದ ಕೂದಲಾ ಎಳದಂಗ ಸ್ಟಿಯರಿಂಗ್ ತಿರಗತೈತಿ ಅಂತ ಆ ಗಾಡಿ ತಗೊಂಡಾಗ ಹೇಳಿದ್ದ. ಈಗ ನೋಡಿದ್ರ ಬಾವಿ ಜಗ್ಗಿ ಬಂದಾಂವನಂಗ ಆಗ್ತಾನ.”

“ವಯಸ್ಸಾತಲೇ,” ಎಂದ ಫಕ್ಕೀರಪ್ಪ.

ಮುಕ್ತಾ ತಲೆ ಎತ್ತಿ ಅಪ್ಪನ ಭುಜ ನೋಡಿದಳು. ಎಂಜಿನ್ ತಿರುಗುತ್ತಿದ್ದರೆ ಸ್ಟಿಯರಿಂಗಿಗೆ ಅದರದೇ ಬಲ ಇರುತ್ತದೆ. ಎರಡು ಬೆರಳಲ್ಲಿ ತಿರುಗಿಸಬಹುದು. ಎಂಜಿನ್ ನಿಂತರೆ ಅದು ಬೀಸುವ ಕಲ್ಲು. ಯೋಚನೆ ಅಲ್ಲಿಗೆ ಬಂದು, ಮುಂದಕ್ಕೆ ಹೋಗಲು ಹೆದರಿ ನಿಂತಿತು.

“ಅಪ್ಪಾ, ಘಟ್ಟದಾಗ ಎಂಜಿನ್ ಬಂದ್ ಮಾಡಿ ಇಳೀತೀಯೇನು?”

ಅವನು ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದ. ಕೈ ತೊಳೆಯುವ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಗಿರಿಜವ್ವ ಮಗಳನ್ನು ದುರುಗುಟ್ಟಿ ನೋಡಿದಳು. “ಮನ್ಯಾಗೂ ಡ್ಯೂಟಿ ಮಾಡ್ತೀಯೇನ ನೀ?”

*

ಸೋಮವಾರ ಮುಕ್ತಾ ಪಟ್ಟಿಯ ಹಿಂದಿನ ಕಚ್ಚಾ ದಾಖಲೆಗಳನ್ನು ತೆರೆದಳು. ಮೂಗು ಇಂಗಾಲವನ್ನಷ್ಟೇ ಅಲ್ಲ, ಕೊಳವೆಯ ಬಿಸಿಯನ್ನೂ ಅದರೊಳಗೆ ಹರಿಯುವ ಗಾಳಿಯನ್ನೂ ಅಳೆಯುತ್ತಿತ್ತು. ಪರದೆಗೆ ಬರುವುದು ಇಂಗಾಲದ ಗೆರೆ ಮಾತ್ರ. ಉಳಿದೆರಡು ಗೆರೆಗಳನ್ನು ಯಾರೂ ಕೇಳಿರಲಿಲ್ಲ. ಅವು ನಾಲ್ಕು ತಿಂಗಳಿಂದ ಒಂದರ ಮೇಲೊಂದು ಬಿದ್ದುಕೊಂಡಿದ್ದವು.

ಗೋಣಿಚೀಲ ಕಟ್ಟಿದ್ದರೆ ಹೊಗೆ ಒಳಗೇ ಉಳಿದು ಕೊಳವೆ ಬಿಸಿಯೇರಬೇಕಿತ್ತು. ಇಲ್ಲಿ ಘಟ್ಟದ ತಲೆಯಿಂದಲೇ ಬಿಸಿ ಇಳಿಯುತ್ತಿತ್ತು. ಗಾಳಿಯ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಕೊಳವೆ ಹೇಳುವುದು ಗಾಡಿ ನಿಂತಿದೆ ಎಂದು. ಚಕ್ರ ಹೇಳುವುದು ಗಂಟೆಗೆ ನಲವತ್ತು ಕಿಲೋಮೀಟರ್ ಓಡುತ್ತಿದೆ ಎಂದು. ಇಪ್ಪತ್ತೈದು ಟನ್ ಉಕ್ಕಿನ ಸುರುಳಿ ಹೊತ್ತು, ಚಾವಿ ತಿರುಗಿಸಿ, ಗೇರು ಬಿಟ್ಟು, ಸುಮ್ಮನೆ ಉರುಳುತ್ತಿದ್ದರು. ಎಂಜಿನ್ ನಿಂತರೆ ಬ್ರೇಕಿಗೆ ಗಾಳಿ ತುಂಬುವ ಪಂಪೂ ನಿಲ್ಲುತ್ತದೆ. ಟಾಕಿಯಲ್ಲಿ ಉಳಿದ ಗಾಳಿ ಎಷ್ಟು ಸಲ ಬ್ರೇಕು ತುಳಿಯಲು ಸಾಲುತ್ತದೋ ಅಷ್ಟೇ ಅವರ ಆಯಸ್ಸು.

ಅವಳು ಎದ್ದು ಹೋಗಿ ನೀರು ಕುಡಿದು ಬಂದಳು. ಮತ್ತೆ ಒಂದೊಂದೇ ಟ್ರಿಪ್ಪು ತೆಗೆದು ನೋಡುತ್ತ ಹೋದಳು. ಸೆಪ್ಟೆಂಬರಿನಲ್ಲಿ ಬೆರಳು ನಿಂತಿತು. ಹಜರತಸಾಬ ಜ್ವರದಲ್ಲಿ ಮಲಗಿದ್ದ ವಾರ ಅವನ ಗಾಡಿಯನ್ನು ನಾಮಕ್ಕಲ್ ಕಡೆಯ ಒಬ್ಬ ಬದಲಿ ಡ್ರೈವರ್ ಓಡಿಸಿದ್ದ. ಅವನು ಘಟ್ಟ ಇಳಿಯಲು ಇಪ್ಪತ್ತೆರಡು ನಿಮಿಷ ತೆಗೆದುಕೊಂಡಿದ್ದ. ಇಂಗಾಲ: ಸೊನ್ನೆ, ಸೊನ್ನೆ, ಸೊನ್ನೆ, ಎಲ್ಲೋ ಸಮತಟ್ಟು ಬಂದಲ್ಲಿ ಚೂರು. ಇಳಿತಕ್ಕೆಲ್ಲ ಸೇರಿ ಬರೀ ಮೂರು ಗ್ರಾಂ. ಆದರೆ ಗಾಳಿಯ ಗೆರೆ ಉದ್ದಕ್ಕೂ ಎದ್ದು ನಿಂತಿತ್ತು. ಎಂಜಿನ್ ತಿರುಗುತ್ತಲೇ ಇತ್ತು. ಅವನು ಸಣ್ಣ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದಿದ್ದ.

ಅದು ಅರ್ಥವಾಗಲು ಅವಳಿಗೂ ಸ್ವಲ್ಪ ಹೊತ್ತು ಬೇಕಾಯಿತು. ಇಳಿಜಾರಿನಲ್ಲಿ ಗೇರು ಹಾಕಿ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಇಂಧನದ ಪಂಪು ಡೀಸೆಲ್ ಬಿಡುವುದನ್ನು ನಿಲ್ಲಿಸುತ್ತದೆ. ಎಂಜಿನ್ ಗಾಳಿ ಎಳೆದು ಗಾಳಿಯನ್ನೇ ಬಿಡುತ್ತದೆ. ಆದರೆ ಆಗ ಅದು ಭಯಂಕರ ಒದರುತ್ತದೆ, ಇಡೀ ಘಟ್ಟಕ್ಕೆ ಕೇಳುವಂತೆ. ಒದರುವ ಎಂಜಿನ್ ಡೀಸೆಲ್ ಕುಡಿಯುತ್ತದೆ ಎಂಬುದು ಈ ಕಡೆಯ ಡ್ರೈವರುಗಳಿಗೆ ಗುರುವಿನಿಂದ ಬಂದ ಪಾಠ. ಕಿವಿಯಿಂದ ಗಾಡಿ ಓಡಿಸುವ ಜನ ಅವರು. ಮೂಗಿಗೆ ಹೆದರಿ, ಕಿವಿಯನ್ನು ನಂಬಿ, ಎಂಜಿನ್ನನ್ನೇ ಸುಮ್ಮನಾಗಿಸಿದ್ದರು. ಉಸಿರಾಡುವ ಸೊನ್ನೆಯೂ ಉಸಿರು ನಿಂತ ಸೊನ್ನೆಯೂ ಪಟ್ಟಿಯಲ್ಲಿ ಒಂದೇ ಥರ ಕಾಣುತ್ತಿದ್ದವು.

ಮೊಕಾಶಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

“ಅಂದ್ರ ಮೂಗಿಗೆ ಯಾರೂ ಏನೂ ಕಟ್ಟಿಲ್ಲ?”

“ಇಲ್ಲ ಸರ್. ಆದ್ರ...”

“ಹಂಗಾದ್ರ ‘ಉಪಕರಣ ತಿರುಚಿಲ್ಲ’ ಅಂತ ಬರದು ಸಹಿ ಮಾಡ್ರಿ. ಉಳದಿದ್ದು ನಾವು ಕೇಳಿಲ್ಲ, ಅವರು ಹೇಳಿಲ್ಲ.”

“ಸರ್, ಬ್ರೇಕ್ ಫೇಲಾದ್ರ?”

“ಎಂಜಿನ್ ಬಂದ್ ಮಾಡ್ರಿ ಅಂತ ಕಂಪನಿ ಎಲ್ಲರೆ ಹೇಳೇದೇನು?” ಅವರ ದನಿ ಏರಲಿಲ್ಲ. “ಒಂದನೇ ತಾರೀಖಿಗೆ ಈ ನಲವತ್ಮೂರು ಗಾಡಿ ಲೆಕ್ಕಾನ ಅಳತಿ ಅಂತ ಹಿಡದು ಎಲ್ಲಾ ಮುನ್ನೂರಕ್ಕೂ ಹಚ್ಚತೇವಿ. ಬಂದರಿನವರಿಗೆ ಮಾತು ಹೋಗಿ ಆತು. ಈಗ ಡ್ರೈವರಿಗೆ ನೀವೇನರೆ ಹೇಳಿದ್ರ ನಮಗ ಗೊತ್ತಿತ್ತು ಅಂತ ಆಗ್ತದ. ತಿಳೀತ?”

ತಿಳಿಯಿತು. ಅವರಿಗೆ ಮೊದಲೇ ಗೊತ್ತಿತ್ತೇ, ಈಗಷ್ಟೇ ಗೊತ್ತಾಯಿತೇ ಎನ್ನುವುದು ತಿಳಿಯಲಿಲ್ಲ. ಆ ಮುಖ ಅದಕ್ಕೆ ಜಾಗವನ್ನೇ ಇಟ್ಟಿರಲಿಲ್ಲ. ಅವಳು ಸಹಿ ಮಾಡದೆ ಹೊರಗೆ ಬಂದು, ಮರುದಿನಕ್ಕೆ ರಜೆ ಬರೆದು ಕೊಟ್ಟಳು.

*

ಬೆಳಿಗ್ಗೆ ಏಳಕ್ಕೆ ಅವಳು ಯಾರ್ಡಿನಲ್ಲಿ ಅಪ್ಪನ ಗಾಡಿಯ ಎಡಬಾಗಿಲು ತೆಗೆದು ಹತ್ತಿ ಕೂತಾಗ, ಫಕ್ಕೀರಪ್ಪ ಉದುಬತ್ತಿ ಹಚ್ಚುತ್ತಿದ್ದ.

“ಕಂಪನಿ ಕಳಿಸೈತೇನು?”

“ಇಲ್ಲಪ್ಪ. ರಜಾ ಹಾಕೇನಿ.”

“ಹೌದನ?” ಎಂದ. ಅಷ್ಟೇ.

ಹುಬ್ಬಳ್ಳಿಯಿಂದ ಯಲ್ಲಾಪುರದವರೆಗೆ ಅವನು ಒಂದು ಮಾತನ್ನೂ ಆಡಲಿಲ್ಲ. ಅವಳೂ ಆಡಲಿಲ್ಲ. ಏನು ಹೇಳಿದರೂ ಅದು ಕಂಪನಿಯ ಬಾಯಿಂದ ಬಂದಂತೆಯೇ ಕೇಳಿಸುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಯಲ್ಲಾಪುರದ ಚಹಾದಂಗಡಿಯಲ್ಲಿ ಹಜರತಸಾಬ ಸಿಕ್ಕ. ಬೋಳುತಲೆ, ಬಾಯ್ತುಂಬ ಎಲೆಯಡಿಕೆ, ಫಕ್ಕೀರಪ್ಪನಿಗಿಂತ ಎರಡು ವರ್ಷ ಚಿಕ್ಕವನು.

“ಓಹೋ, ಪಟ್ಟಿ ಬರಿಯೋ ದೇವರ ಖುದ್ದ ಬಂದೈತಲ್ಲೋ! ಬಾ ಯವ್ವಾ, ಚಾ ಕುಡಿ. ನನ್ನ ಹೆಸರು ಎರಡನೇದು ಐತಿ, ನಿಮ್ಮಪ್ಪನ್ನ ಒಂದೀಟು ಕೆಳಗ ಜಗ್ಗು.”

“ಗಾಡಿ ಹೆಂಗೈತಿ ಸಾಬಾ?” ಎಂದ ಫಕ್ಕೀರಪ್ಪ.

“ಬೆಳಿಗ್ಗಿಂದ ಗಾಳಿ ಲಗೂನ ತುಂಬವಲ್ದು. ಬ್ರೇಕಿನ ಗಾಳಿ ಮೀಟರಿನ ಕಾಟಾ ಮ್ಯಾಲ ಬರಾಕ ಮುದುಕಿ ಎದ್ದಂಗ ಏಳತೈತಿ. ಏನಾಗೂದಿಲ್ಲ ಬಿಡು.” ಮುಕ್ತಾಳ ಕಡೆ ಕಣ್ಣು ಹೋದೊಡನೆ ಮಾತು ಬದಲಿಸಿದ. “ಅಲ್ಲ, ಎಲ್ಲಾ ಚಲೋ ಐತಿ ಯವ್ವಾ. ಏನೂ ಬರಕೋಬ್ಯಾಡ.”

ಅವನ ಹಿಂದೆ ಕಂಪನಿಯ ಇನ್ನೂ ಐದು ಗಾಡಿ ನಿಂತಿದ್ದವು. ಅವರೆಲ್ಲ ನಾಷ್ಟಾಕ್ಕೆ ಕೂತಾಗ ಫಕ್ಕೀರಪ್ಪ ಮೊದಲು ಹೊರಟ.

ಘಟ್ಟದ ತಲೆಯಲ್ಲಿ ಅವನ ಕೈ ತಾನಾಗಿಯೇ ಚಾವಿಯತ್ತ ಹೋಯಿತು. ಮುಟ್ಟಿತು. ಮಗಳ ಕಡೆ ತಿರುಗದೆಯೇ ಅವನು ಕೈಯನ್ನು ಹಿಂದಕ್ಕೆ ತಂದು ಗೇರಿನ ಮೇಲಿಟ್ಟ. ನಂಬಿಕೆಯಿಂದಲ್ಲ, ಸಾಕ್ಷಿಯ ಭಯದಿಂದ. ಮೂರನೆಯ ಗೇರು ಕೂತಿತು. ಕಾಲು ತೆಗೆದ. ಎಂಜಿನ್ ಹುಲಿಯಂತೆ ಒದರಿತು.

“ಹೋತು. ಇವತ್ತಿಗೆ ನನ್ನ ಹೆಸರು ಹೋತು ನೋಡು,” ಎಂದ ಹಲ್ಲು ಕಚ್ಚಿ.

ಇಪ್ಪತ್ತೆರಡು ನಿಮಿಷ ಆ ಒದರಾಟದಲ್ಲಿ ಯಾರ ಮಾತೂ ಕೇಳುವಂತಿರಲಿಲ್ಲ. ಘಟ್ಟದ ಬುಡದಲ್ಲಿ ರಸ್ತೆ ಅಗಲವಾದ ಕಡೆ ಅವನು ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿ, ಪರದೆ ನೋಡಿದ. ಅವನ ಹೆಸರು ಇನ್ನೂ ಮೊದಲನೆಯದೇ. ಇಳಿತದ ಲೆಕ್ಕ: ಮೂರು ಗ್ರಾಂ.

ಅವನು ಪರದೆಯಿಂದ ಕಣ್ಣೆತ್ತಿ ಮಗಳನ್ನು ನೋಡಿದ. “ಆಫೀಸಿನಾಗ ಹೇಳಿ ತಿದ್ದಿಸಿದ್ಯೇನು?”

“ಇಲ್ಲಪ್ಪ.”

“ಮತ್ತ? ಅಷ್ಟು ಒದರೈತಿ!”

“ಒದರಿದ್ದು ಕುಡಿದಿದ್ದಕ್ಕಲ್ಲ. ಭಾರ ಹಿಡದು ನಿಲ್ಲಸಾಕ. ಇಳಿಜಾರಿನಾಗ ಒಂದು ತೊಟ್ಟು ಡೀಸೆಲ್ ಹೋಗಿಲ್ಲ. ಪರದೆ ನಂಬಬ್ಯಾಡ, ನನ್ನೂ ನಂಬಬ್ಯಾಡ. ಇಳದು ಕೊಳವಿ ಮುಟ್ಟಿ ನೋಡು.”

ಅವನು ಇಳಿದ. ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಮೊದಲು ಅವನು ಒಂದೊಂದು ಚಕ್ರದ ಬಳಿ ಕೂತು ಮೂಸಿದ. ನಾಲ್ಕು ತಿಂಗಳಿಂದ ಇಲ್ಲಿಗೆ ಬಂದಾಗೆಲ್ಲ ಇರುತ್ತಿದ್ದ ಬ್ರೇಕಿನ ಸುಟ್ಟ ವಾಸನೆ ಇರಲಿಲ್ಲ. ಆಮೇಲೆ ಸೈಲೆನ್ಸರಿನ ಬಳಿ ಹೋಗಿ, ಕೆಂಡ ಮುಟ್ಟುವವನಂತೆ ಬೆರಳ ತುದಿ ತಾಗಿಸಿದ. ಮತ್ತೆ ತಾಗಿಸಿದ. ಕೊನೆಗೆ ಪೂರ್ತಿ ಅಂಗೈಯನ್ನು ಕೊಳವೆಯ ತುದಿಯ ಮೇಲಿಟ್ಟುಕೊಂಡು ಹಾಗೆಯೇ ನಿಂತ. ಡೀಸೆಲ್ ಕುಡಿದ ಎಂಜಿನ್ನಿನ ಕೊಳವೆ ಕೈಯಿಡಲು ಬಿಡುವುದಿಲ್ಲ. ಮೂವತ್ತೊಂದು ವರ್ಷದ ಡ್ರೈವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ವಾಪಸು ಹತ್ತಿ ಕೂತು ಕೇಳಿದ: “ಇದು ಆ ಮೂಗಿಗೆ ಯಾವಾಗಿಂದ ಗೊತ್ತೈತಿ?”

“ಸೆಪ್ಟೆಂಬರಿಂದ.”

“ನಿನಗ?”

“ನಿನ್ನೆಯಿಂದ.”

“ಸಾಹೇಬರಿಗೆ?”

ಅವಳು ಪರದೆಯತ್ತ ನೋಡಿದಳು. ಅವನು ತಲೆಯಾಡಿಸಿದ. ಜೇಬಿನಿಂದ ಫೋನು ತೆಗೆದು ಹಜರತಸಾಬನಿಗೆ ಹಚ್ಚಿದ. ಗೇರಿನಲ್ಲೇ ಇಳಿ, ಚಾವಿ ಮುಟ್ಟಬೇಡ, ಲೆಕ್ಕ ಏರುವುದಿಲ್ಲ ಎಂದು ಎರಡು ಸಲ ಹೇಳಿದ. ಆ ಕಡೆಯ ನಗು ಮುಕ್ತಾಳಿಗೂ ಕೇಳಿಸಿತು.

“ಫಕ್ಕೀರಣ್ಣ, ಮಗಳು ಬಾಜೂಕ ಕುಂತಾಳಲ್ಲ, ಆಕಿ ಹೇಳಸಾಕತ್ತಾಳೇನು? ಚಾವಿ ಮುಟ್ಟತೇನಿ ಅಂತ ನನ್ನ ಬಾಯಿಂದ ಹೊರಡಸಾಕ? ನಾ ಯಾವ ಚಾವಿನೂ ಮುಟ್ಟಿಲ್ಲಪ, ನನಗೇನೂ ಗೊತ್ತಿಲ್ಲ.” ಫೋನು ಕಡಿಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಉಳಿದ ಐವರಲ್ಲಿ ಇಬ್ಬರು ಎತ್ತಿ, ‘ಹೂಂ’ ಎಂದರು. ಆ ‘ಹೂಂ’ ಎಂಥದು ಎಂದು ಫಕ್ಕೀರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಎಂಟು ತಿಂಗಳಿಂದ ತಾನೂ ಮನೆಯಲ್ಲಿ ಅದನ್ನೇ ಹೇಳುತ್ತ ಬಂದಿದ್ದ.

“ಅವನ ಗಾಡಿಗೆ ಗಾಳಿ ಇಲ್ಲ,” ಎಂದ. “ಬಂದ್ ಮಾಡಿ ಇಳದ್ರ ಮೂರನೇ ತಿರುವಿಗೆ ಮುಗೀತು.”

ಅವನು ಎಂಜಿನ್ ಹಚ್ಚಿ, ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸತೊಡಗಿದ. ಉದ್ದನೆಯ ಗಾಡಿ ಹಿಂದೆ ಮುಂದೆ ಸರಿದು, ಬಂದ ದಾರಿಗೇ ಮುಖಮಾಡಿತು.

“ಅಪ್ಪಾ, ಏನ್ ಮಾಡಾಕತ್ತೀ? ಇಪ್ಪತ್ತೈದು ಟನ್ ಐತಿ. ಮ್ಯಾಲ ಹತ್ತಿದ್ರ ನಿನ್ನ ಹೆಸರು ಕೆಂಪಾಕ್ಕೈತಿ. ಗಾಡಿ ಕಸಗೋತಾರ.”

“ಬಾಯಿ ಮಾತು ಯಾರ ನಂಬ್ತಾರ ಈಗ? ಪಟ್ಟಿ ನಂಬ್ತಾರ. ಆರೂ ಮಂದಿ ಕಣ್ಣು ಪಟ್ಟಿ ಮ್ಯಾಲನ ಇರ್ತಾವ.” ಅವನು ಎರಡನೆಯ ಗೇರು ಹಾಕಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದ. “ಮೊದಲನೇ ಹೆಸರು ಮಣ್ಣಿಗೆ ಬೀಳೂದು ನೋಡಿದ್ರ, ಒಬ್ಬನರ ನಿಂತು ಕೇಳ್ತಾನ, ಈ ಮುದುಕಗ ಏನ್ ಹುಚ್ಚು ಹಿಡೀತು ಅಂತ.”

ಗಾಡಿ ಕಪ್ಪು ಹೊಗೆ ಉಗುಳುತ್ತ ಏರತೊಡಗಿತು. ಪರದೆಯಲ್ಲಿ ಗ್ರಾಮುಗಳು ಉಕ್ಕಿದವು. ಅವನ ಹೆಸರು ಮೊದಲನೆಯದರಿಂದ ಹದಿನಾಲ್ಕಕ್ಕೆ ಇಳಿಯಿತು, ಐವತ್ತಕ್ಕೆ, ಇನ್ನೂರಕ್ಕೆ. ಎರಡನೆಯ ತಿರುವಿನಲ್ಲಿ ಕೆಂಪಾಯಿತು. ಅದೇ ಹೊತ್ತಿಗೆ ಮುಕ್ತಾಳ ಫೋನು ಬಡಿದುಕೊಂಡಿತು. ಮೊಕಾಶಿ.

“ಗಾಣಿಗೇರ ಅವರ, ನಿಮ್ಮ ತಂದಿ ಗಾಡಿ ಎಲ್ಲಿ ಹೊಂಟದ? ನೀವು ಎಲ್ಲಿದ್ದೀರಿ?”

“ಎಲ್ಲಿ ಅನ್ನೋದು ನಿಮಗ ಕಾಣಸ್ತೈತಿ ಸರ್. ಯಾಕ ಅಂತ ಕೇಳ್ರಿ, ಹೇಳ್ತೇನಿ.”

ಹತ್ತು ವರ್ಷ ಕಾದರೂ ಅವರು ಆ ಪ್ರಶ್ನೆ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು.

ಫಕ್ಕೀರಪ್ಪನ ಫೋನು ಬಂತು. ಅವನ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಅವಳೇ ಎತ್ತಿ ಅವನ ಬಾಯ ಬಳಿ ಹಿಡಿದಳು.

“ಫಕ್ಕೀರಣ್ಣ!” ಹಜರತಸಾಬನ ದನಿಯಲ್ಲಿ ನಗುವಿರಲಿಲ್ಲ. “ನಿನ್ನ ಹೆಸರು ಕೆಂಪಾಗೈತಿ. ಮ್ಯಾಲ ಯಾಕ ಹತ್ತಾಕತ್ತಿ? ನಶಾ ಮಾಡೀಯೇನು?”

“ನೀ ಎಲ್ಲಿದ್ದಿ?”

“ತಲಿಮ್ಯಾಲ. ಇಳೀಬೇಕು.”

“ಸಾಬಾ, ಮಗಳ ಸಂಬಂಧ ನನ್ನ ಮಾತು ನಂಬಲಿಲ್ಲ ನೀ. ಈಗ ನನ್ನ ಹೊಗಿ ನೋಡಿ ನಂಬು. ಗೇರಿನಾಗ ಇಳಿ. ಕೆಳಗ ಬಂದು ಬೇಕಾದಷ್ಟು ಬೈ. ಹಿಂದಿನವರಿಗೂ ಹೇಳು.”

ಫೋನು ಕಡಿಯಿತೋ, ಸುಮ್ಮನಾಯಿತೋ ತಿಳಿಯಲಿಲ್ಲ.

ಮುಂದಿನ ತಿರುವಿನ ಮಗ್ಗುಲಲ್ಲಿ ಕಲ್ಲುಕಟ್ಟೆಯ ಪಕ್ಕ ಒಂದಿಷ್ಟು ಜಾಗವಿತ್ತು. ಫಕ್ಕೀರಪ್ಪ ಅಲ್ಲಿ ಗಾಡಿ ಒತ್ತಿ ನಿಲ್ಲಿಸಿದ. ಇಬ್ಬರೂ ಇಳಿದು ಹಿಂದಿನ ಚಕ್ರಗಳಿಗೆ ದಪ್ಪ ಕಲ್ಲು ಕೊಟ್ಟರು. ಆಮೇಲೆ ಅವನು ಹತ್ತಿ ಎಂಜಿನ್ ಬಂದ್ ಮಾಡಿದ. ತನ್ನ ಗಾಡಿಯ ಸದ್ದಿನಲ್ಲಿ ಮೇಲಿನದು ಕೇಳಿಸುತ್ತಿರಲಿಲ್ಲ.

ಕಾಡು ಒಮ್ಮೆಲೇ ಹತ್ತಿರ ಬಂದಂತಾಯಿತು. ಒಂದು ಹಕ್ಕಿ, ಎಲ್ಲೋ ಕೆಳಗೆ ಹಳ್ಳದ ನೀರು. ಬಂದ್ ಮಾಡಿದ ಎಂಜಿನ್ ತಣಿಯುತ್ತ ಟಿಕ್ ಟಿಕ್ ಅನ್ನುತ್ತಿತ್ತು. ತಂದೆ ರಸ್ತೆಯ ಅಂಚಿಗೆ ಹೋಗಿ ಮೇಲಕ್ಕೆ ಕಿವಿಗೊಟ್ಟು ನಿಂತ. ಮಗಳು ಅವನ ಪಕ್ಕ. ಸುಮ್ಮನೆ ಉರುಳುವ ಗಾಡಿಗೆ ಸದ್ದಿಲ್ಲ; ತಿರುವು ಹೊರಳಿ ಮುಂದೆ ಬಂದು ನಿಲ್ಲುವವರೆಗೂ ಗೊತ್ತಾಗುವುದಿಲ್ಲ. ಒಂದು ನಿಮಿಷವಾಯಿತು. ಎರಡಾಯಿತು.

ಆಗ ದೂರದಲ್ಲಿ, ಮರಗಳ ಮೇಲಿನಿಂದ, ಮೂರನೆಯ ಗೇರಿನಲ್ಲಿ ಒಂದು ಎಂಜಿನ್ ಒದರಿತು.

“ಸಾಬಂದು,” ಎಂದ ಫಕ್ಕೀರಪ್ಪ. ಆರು ಗಾಡಿಗೆ ಎರಡೂ ಕೈ ಸೇರಿ ಆರು ಬೆರಳು ಎತ್ತಿ, ಒಂದನ್ನು ಮಡಿಸಿದ. ಉಳಿದ ಐದು ಬೆರಳು ಹಾಗೆಯೇ ಹಿಡಿದುಕೊಂಡು, “ಮಾತಾಡಬ್ಯಾಡವಾ,” ಎಂದ. “ಇನ್ನೂ ಕೇಳಬೇಕು.”